ಹೇರೋಹಳ್ಳಿಯಲ್ಲಿ ಹತ್ತು ನಿಮಿಷ

ಕೆಂಗೇರಿಯಲ್ಲಿ ರೈಲು ಇಳಿದು, ಹದಿನೈದು ನಿಮಿಷ ಮೊದಲೇ ಹೇರೋಹಳ್ಳಿಯ ಚರ್ಚ್ ತಲುಪಿದೆ. ಯೇಸುವಿನ ಶಿಷ್ಯರನ್ನು ಬೆಳೆಸುವುದು ಹೇಗೆಂದು ಪಾಸ್ಟರುಗಳಿಗೆ ಅಲ್ಲಿ ತರಬೇತಿ; ನಾನು ಸಹಾಯಕ್ಕೆಂದು ಹೋದವನು. ಬೇಗ ಬಂದವನೆಂದು, ಸಮಯ ಮುಗಿದಾಗ ಗಂಟೆ ಬಾರಿಸುವ ಕೆಲಸ ನನಗೇ ಬಂತು.

ಪ್ರತಿಯೊಬ್ಬ ಪಾಸ್ಟರೂ ತಮ್ಮ ಸಭೆಯ, ಅಂದರೆ ತಮ್ಮ ಚರ್ಚಿಗೆ ಬರುವವರಲ್ಲಿ ಒಬ್ಬರನ್ನು ಕರೆತಂದಿದ್ದರು. ಮೊದಲ ಅಭ್ಯಾಸದಲ್ಲಿ ಪಾಸ್ಟರುಗಳು ಹತ್ತು ನಿಮಿಷ ಬೋಧಿಸುವಂತಿಲ್ಲ. ಎದುರಿಗೆ ಕೂತವರ ಮಾತು ಕೇಳಬೇಕು, ಅಷ್ಟೇ. ಬಹಳ ಸುಲಭ ಅಂದುಕೊಂಡೆ.

ನನ್ನ ಪಕ್ಕದಲ್ಲಿ ಅತ್ತಿಗುಪ್ಪೆಯ ಪಾಸ್ಟರ್. ಅವರೆದುರು ಅವರದೇ ಸಭೆಯ, ಗದಗಿನ ಕಡೆಯ ಸುರೇಶ, ಡೆಲಿವರಿ ಕೆಲಸದವನು.

"ಹೇಗಿದೀಯಪ್ಪಾ?"

"ಒಂದ್ ಮಾತು ಹೇಳೂದಿತ್ರಿ..."

ಪಾಸ್ಟರ್ ಆಗಲೇ ಅವನ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ್ದರು.

ತರಬೇತಿ ಕೊಡುತ್ತಿದ್ದ ಮಹಿಳೆ ಹತ್ತಿರ ಬಂದು ನಕ್ಕರು. "ಪ್ರಾರ್ಥನೆ ಆಮೇಲೆ ಮಾಡೋರಂತೆ ಪಾಸ್ಟರ್. ಮೊದ್ಲು ಕೇಳಿ."

ಸುರೇಶ ನಗಲಿಲ್ಲ. "ಎರಡು ವರ್ಷದಿಂದ ಹಿಂಗೇ ರೀ. ನಾ ಬಾಯಿ ತೆಗೆಯೂದ್ರಾಗ ನೀವು ಕಣ್ಣು ಮುಚ್ಚತೀರಿ. ಇನ್ನ ಸಭೆಗೆ ಬರೂದು ಬ್ಯಾಡ ಅಂತ ಮಾಡೀನ್ರಿ. ಅದನ್ನ ಹೇಳಾಕ ಇವತ್ತು ಬಂದೆ."

ಪಾಸ್ಟರ ಕೈ ಅಭ್ಯಾಸಬಲದಿಂದ ಮತ್ತೆ ಮೇಲೆದ್ದಿತು. ಅರ್ಧಕ್ಕೇ ನಿಂತು ಕೆಳಗಿಳಿಯಿತು.

ಹತ್ತು ನಿಮಿಷಕ್ಕೆ ಸರಿಯಾಗಿ ಗಂಟೆ ಬಾರಿಸಿದೆ. ಎಲ್ಲರೂ ಕಾಫಿಗೆ ಎದ್ದರು. ಆ ಇಬ್ಬರು ಮಾತ್ರ ಏಳಲಿಲ್ಲ. ಸುರೇಶ ಹೇಳುತ್ತಲೇ ಇದ್ದ. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ನೋಡಿದೆ, ಪಾಸ್ಟರು ಕಣ್ಣು ಬಿಟ್ಟುಕೊಂಡೇ ಕೂತಿದ್ದರು.

"ಆಮೇಲೆ?" ಎಂದರು.