ಭರವಸೆಗೇ ತೊಡಿಸಿದ ಪೇಟ

2024ರ ಜೂನ್ 7, ಶುಕ್ರವಾರ, ಐರ್ಲೆಂಡ್‌ನಲ್ಲಿ ಕೌಂಟಿ ಕೌನ್ಸಿಲ್‌ಗಳೆಂಬ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅದಕ್ಕೆ ಕೆಲವು ವಾರ ಮೊದಲು, ಮರುಆಯ್ಕೆ ಬಯಸಿದ್ದ ನಮ್ಮ ಕೌನ್ಸಿಲರ್ ಡಬ್ಲಿನ್ನಿನ ಪಶ್ಚಿಮ ಅಂಚಿನಲ್ಲಿರುವ ನಮ್ಮ ಬಡಾವಣೆಯ ಮನೆಮನೆಗೂ ಕರಪತ್ರ ಹಾಕಿಸಿದರು. ಎಡಗಡೆ ಮಾಡಿದ ಕೆಲಸಗಳು, ಬಲಗಡೆ ಮುಂದಿನ ವಾಗ್ದಾನಗಳು. ಮಾಡಿದ ಕೆಲಸಗಳ ಪೈಕಿ ಒಂದು: ಬಸ್ ನಿಲ್ದಾಣದ ಓಣಿಯನ್ನು ಸುರಕ್ಷಿತಗೊಳಿಸಿದ್ದೇನೆ. ಪಕ್ಕದಲ್ಲಿ ಅವರದೇ ಫೋಟೊ. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು.

ಕರಪತ್ರ ಕೈಯಲ್ಲಿ ಹಿಡಿದೇ ಓಣಿಗೆ ಹೋದೆ. ಊರಲ್ಲಿ ಪತ್ರಿಕೆಯ ವರದಿಗಾರನಾಗಿದ್ದಾಗ ಅಂಟಿದ ಅಭ್ಯಾಸ. ಯಾರು ಏನು ಹೇಳಿದರೂ ಜಾಗಕ್ಕೆ ಹೋಗಿ ನೋಡಬೇಕು. ಎರಡು ಕಾಂಪೌಂಡುಗಳ ನಡುವಿನ ಸಣ್ಣ ದಾರಿ ಅದು. ನಡುವೆ ಒಂದೇ ಕಂಬ. ಕಂಬದ ತುದಿಯಲ್ಲಿ ದೀಪ ಇರಲಿಲ್ಲ, ಎರಡು ತಂತಿ ಟೇಪು ಸುತ್ತಿಕೊಂಡು ಹೊರಗೆ ಬಂದಿದ್ದವು. ಅವುಗಳ ಕೆಳಗೆ, ಏಣಿ ಹಾಕಿ ಕಟ್ಟಿದ ಅವರ ಚುನಾವಣಾ ಪೋಸ್ಟರ್. ಪೋಸ್ಟರಿಗೆ ಏಣಿ ಬಂದಿತ್ತು.

ಹಿಂದಿನ ಶರತ್ಕಾಲದಲ್ಲಿ ಅದೇ ಓಣಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನ ಮೇಲೆ ಹುಡುಗರ ಗುಂಪೊಂದು ಬಿದ್ದಿತ್ತು. ಅಕ್ಕ ಕುಂದಾಪುರದವರು, ವೃದ್ಧರ ನರ್ಸಿಂಗ್ ಹೋಮ್ ಒಂದರಲ್ಲಿ ಸಂಜೆಯ ಪಾಳಿ. ಬಸ್ಸಿಳಿದು ಮನೆಗೆ ಬರುವ ಹತ್ತಿರದ ದಾರಿ ಅದು. ಮೊದಲು ಮೊಟ್ಟೆ ಎಸೆದರು, ನಿಮ್ಮ ದೇಶಕ್ಕೆ ಹೋಗು ಎಂದರು, ಆಮೇಲೆ ಹಿಂದಿನಿಂದ ತಳ್ಳಿದರು. ಬಿದ್ದ ಏಟಿಗೆ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಗಾರ್ಡಾ, ಅಂದರೆ ಇಲ್ಲಿನ ಪೊಲೀಸರು, ಬಂದು ಸೌಜನ್ಯದಿಂದ ಹೇಳಿಕೆ ಬರೆದುಕೊಂಡು ಹೋದರು. ಯಾರನ್ನೂ ಹಿಡಿಯಲಿಲ್ಲ.

ಕೌನ್ಸಿಲರ್ ಕೂಡ ಬಂದಿದ್ದರು. ಪೊಲೀಸರೂ ಜನಪ್ರತಿನಿಧಿಗಳೂ ಒಟ್ಟಿಗೆ ಕೂರುವ ಕೌಂಟಿಯ ಸಮಿತಿಯಲ್ಲಿ ಅವರು ಸದಸ್ಯರು. ಅಕ್ಕನ ಸೋಫಾದಲ್ಲಿ ಕೂತು ಚಹಾ ಕುಡಿದು, ಕ್ರಿಸ್‌ಮಸ್ ಒಳಗೆ ಓಣಿಗೆ ದೀಪ, ಸಂಜೆ ಗಾರ್ಡಾ ಗಸ್ತು, ಎರಡೂ ಖಂಡಿತ ಎಂದರು. ಎಲ್ಲವೂ ಗ್ರ್ಯಾಂಡ್, ಇಲ್ಲಿನವರ ಮಾತಿನಲ್ಲಿ ಸರಿ, ಆಗುತ್ತದೆ ಎಂದು ಅಕ್ಕನ ಎಡಗೈ ಕುಲುಕಿ ಹೊರಟರು.

ಇಷ್ಟಕ್ಕೇ ನಿಂತಿದ್ದರೆ ಸುಳ್ಳು ಹೇಳಿದ ರಾಜಕಾರಣಿ ಎಂದು ಒಬ್ಬರ ಮೇಲೆ ಮಾತ್ರ ಸಿಟ್ಟು ಮಾಡಿಕೊಳ್ಳಬಹುದಿತ್ತು. ಆದರೆ ನಮ್ಮವರಿಗೆ ಸನ್ಮಾನ ಮಾಡದೆ ನಿದ್ದೆ ಬರುವುದಿಲ್ಲ. ಭರವಸೆ ಕೊಟ್ಟ ಮುಂದಿನ ತಿಂಗಳೇ ರಾಜ್ಯೋತ್ಸವ. ಕನ್ನಡ ಸಂಘದವರು ಕೌನ್ಸಿಲರನ್ನೇ ಮುಖ್ಯ ಅತಿಥಿಯಾಗಿ ಕರೆದರು. ಸುರಕ್ಷತೆಗಾಗಿ ಶ್ರಮಿಸಿದ ಜನನಾಯಕ ಎಂದು ಫಲಕ ಕೆತ್ತಿಸಿದರು. ಶ್ರಮ ಯಾವುದು ಎಂದು ಯಾರೂ ಕೇಳಲಿಲ್ಲ.

ವೇದಿಕೆಯಲ್ಲಿ ಎರಡು ಮಾತು ಆಡಬೇಕೆಂದು ಅಕ್ಕ ಕೇಳಿಕೊಂಡರು. ಸಂಘದ ಅಧ್ಯಕ್ಷರು ಅವರನ್ನು ಪಕ್ಕಕ್ಕೆ ಕರೆದರು. ನಾನು ಅಲ್ಲೇ ಕುರ್ಚಿ ಜೋಡಿಸುತ್ತಿದ್ದೆ.

"ಬೇಡ ಮೇಡಂ, ಗೆಸ್ಟ್‌ಗೆ ಮುಜುಗರ ಆಗುತ್ತೆ. ಒಂದ್ಸಲ ಪೇಟ ತೊಡಿಸಿಬಿಟ್ರೆ ಅವ್ರು ತಪ್ಪಿಸ್ಕೊಳ್ಳಕ್ಕಾಗಲ್ಲ. ನಮ್ಮ ಕೆಲಸ ತಾನಾಗೇ ಆಗುತ್ತೆ, ನೋಡ್ತಿರಿ."

"ಕೆಲಸ ಆದ ಮೇಲೆ ತೊಡಿಸಿದ್ರೆ ಪೇಟ ಹಳತಾಗ್ತದಾ?" ಎಂದರು ಅಕ್ಕ.

ಅಧ್ಯಕ್ಷರು ನಕ್ಕರು. ಅಕ್ಕನಿಗೆ ಬೇಸರವಾಗದಿರಲೆಂದು, ಅತಿಥಿಗೆ ಹಣ್ಣಿನ ತಟ್ಟೆ ಕೊಡುವ ಗೌರವವನ್ನು ಅವರಿಗೇ ಒಪ್ಪಿಸಿದರು. ಬಲಗೈಗೆ ಪ್ಲಾಸ್ಟರ್ ಇತ್ತು. ಎಡಗೈಯಲ್ಲಿ ಹಿಡಿದು, ಪ್ಲಾಸ್ಟರಿನ ಕೈಯನ್ನು ತಟ್ಟೆಯ ಅಡಿಗೆ ಆಸರೆ ಕೊಟ್ಟು, ಅಕ್ಕ ಅದನ್ನು ಒಪ್ಪಿಸಿದರು. ಜನ ಚಪ್ಪಾಳೆ ತಟ್ಟಿದರು. ಆ ಕ್ಷಣದ ಫೋಟೊವೇ ಈಗ ಕರಪತ್ರದಲ್ಲಿತ್ತು. ಅಕ್ಕನ ಮುಖವನ್ನು ಕತ್ತರಿಸಿ ತೆಗೆದಿದ್ದರು. ಚೌಕಟ್ಟಿನ ಅಂಚಿನಲ್ಲಿ ತಟ್ಟೆ, ಅದರಡಿ ಬಿಳಿ ಪ್ಲಾಸ್ಟರ್ ಉಳಿದಿದ್ದವು.

ಅಧ್ಯಕ್ಷರು ಆ ಕರಪತ್ರದ ಫೋಟೊ ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ, ನಮ್ಮ ಪೇಟ ಐರಿಶ್ ಚುನಾವಣೆಗೆ ಹೋಯಿತು, ಹೆಮ್ಮೆಯ ವಿಷಯ ಎಂದು ಬರೆದರು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಅವುಗಳ ನಡುವೆ ಅಕ್ಕ ಬರೆದರು: ತಟ್ಟೆ ಹಿಡಿದ ಕೈ ನನ್ನದು, ದೀಪ ಎಲ್ಲಿ? ಸ್ವಲ್ಪ ಹೊತ್ತಿನಲ್ಲೇ ಆ ಸಾಲು ಅಳಿಸಿಹೋಯಿತು. ಗುಂಪಿನಲ್ಲಿ ರಾಜಕೀಯ ಬೇಡ ಎಂದು ಅಧ್ಯಕ್ಷರು ಎಲ್ಲರಿಗೂ ವಿನಂತಿಸಿದರು. ಅಭ್ಯರ್ಥಿಯ ಕರಪತ್ರ ಮಾತ್ರ ಅಲ್ಲೇ ಇತ್ತು. ನಾನು ಅಧ್ಯಕ್ಷರಿಗೆ ಫೋನ್ ಮಾಡಿ, ಯಾವುದು ರಾಜಕೀಯ ಎಂದು ಕೇಳಿದೆ. ಮುಂದಿನ ಹಬ್ಬಕ್ಕೆ ಕೌನ್ಸಿಲ್ಲಿನ ಸಭಾಂಗಣ ಬೇಕು, ಸಂಬಂಧ ಕೆಡಿಸಿಕೊಳ್ಳುವುದು ಬೇಡ ಎಂದರು. ಒಬ್ಬ ಹೆಂಗಸಿನ ಮುರಿದ ಕೈಗಿಂತ ಅವರಿಗೆ ಸಭಾಂಗಣ ಮುಖ್ಯವಾಗಿತ್ತು. ಅದನ್ನು ಅಷ್ಟೇ ಮಾತಿನಲ್ಲಿ ಅವರಿಗೆ ಹೇಳಿದೆ. ಫೋನ್ ಇಟ್ಟರು.

ಆ ವಾರವೇ ಕೌನ್ಸಿಲರ್ ಮತ ಕೇಳಲು ನಮ್ಮ ಸಾಲಿಗೆ ಬಂದರು. ಜೊತೆಗೆ ಫೋಟೊ ತೆಗೆಯುವ ಹುಡುಗಿ. ಅಕ್ಕನ ಬಾಗಿಲಲ್ಲಿ ನಿಂತಾಗ ಅವರಿಗೆ ಗುರುತೇ ಹತ್ತಲಿಲ್ಲ. ಅಕ್ಕ ಕೋಟು ಹಾಕಿಕೊಂಡು, ಬನ್ನಿ, ಓಣಿ ನೋಡಿ ಬರೋಣ ಎಂದರು. ನಾನೂ ಹಿಂದೆ ಹೋದೆ. ಕಂಬದ ಕೆಳಗೆ ನಿಂತು, ಸುರಕ್ಷಿತಗೊಳಿಸಿದ್ದೇನೆ ಎಂಬ ಸಾಲಿನ ಅರ್ಥವೇನು ಎಂದು ಕೇಳಿದೆ. ವಿಷಯವನ್ನು ಅಧಿಕಾರಿಗಳ ಮುಂದೆ ಇಟ್ಟಿದ್ದೇನೆ, ಎಂಜಿನಿಯರುಗಳ ಬಳಿ ಇದೆ ಎಂದರು. ಹಾಗಾದರೆ ಇದು ಕರಪತ್ರದ ಬಲಗಡೆ ಇರಬೇಕಿತ್ತಲ್ಲ ಎಂದೆ. ಒಳ್ಳೆಯ ಮಾತು ಎಂದು ಮೆಚ್ಚಿಕೊಂಡರು. ನಾಚಿಕೆಯ ಸುಳಿವೂ ಇರಲಿಲ್ಲ. ಹುಡುಗಿ ಫೋನ್ ಎತ್ತಿದಳು. ಅಕ್ಕ ಅಂಗೈ ಅಡ್ಡ ಹಿಡಿದು ಇಂಗ್ಲಿಷಿನಲ್ಲಿ, ಫೋಟೊ ಬೇಡ, ದೀಪ ಹಾಕಿದ ದಿನ ತೆಗೆಯಿರಿ ಎಂದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಇವರ ಹಲ್ಲಿನ ಬೆಳಕು ಬಿಟ್ರೆ ಇಲ್ಲಿ ಬೇರೆ ಎಂಥದ್ದೂ ಇಲ್ಲ ಮಾರಾಯ್ರೆ," ಎಂದರು.

ಬೇಸಿಗೆ ಮುಗಿಯುವುದರೊಳಗೆ ಖಂಡಿತ ಎಂದು ಹೇಳಿ ಕೌನ್ಸಿಲರ್ ಮುಂದಿನ ಮನೆಗೆ ನಡೆದರು.

ಇಲ್ಲಿನ ಪೌರತ್ವ ಇಲ್ಲದವರೂ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು. ಅಭ್ಯರ್ಥಿಗಳ ಮುಂದೆ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಅಂಕಿ ಬರೆಯುವ ಪದ್ಧತಿ. ಅಕ್ಕ ಎಲ್ಲರಿಗೂ ಅಂಕಿ ಹಾಕಿ, ಕೌನ್ಸಿಲರ್ ಮುಂದಿನ ಚೌಕವನ್ನು ಮಾತ್ರ ಖಾಲಿ ಬಿಟ್ಟು ಬಂದೆ ಎಂದು ನನಗೆ ಹೇಳಿದರು.

ಕೌನ್ಸಿಲರ್ ಕೊನೆಯ ಸುತ್ತಿನ ಎಣಿಕೆಯಲ್ಲಿ ಗೆದ್ದರು. ಪೋಸ್ಟರುಗಳನ್ನು ಕಾನೂನಿನಂತೆ ವಾರದೊಳಗೆ ಇಳಿಸಿದರು. ಓಣಿಗೆ ಈವರೆಗೆ ದೀಪ ಬಂದಿಲ್ಲ. ಅಕ್ಕ ಈಗ ಒಂದು ನಿಲ್ದಾಣ ಮುಂದೆ ಹೋಗಿ ಇಳಿದು, ರೌಂಡ್‌ಅಬೌಟ್ ಸುತ್ತಿಕೊಂಡು ಮನೆಗೆ ನಡೆಯುತ್ತಾರೆ. ಹಗಲು ಪಾಳಿಗೆ ಕೇಳಿಕೊಂಡಿದ್ದಾರೆ, ಇನ್ನೂ ಸಿಕ್ಕಿಲ್ಲ.