ದೇವೀರಮ್ಮ ಗುಡಿಸದೆ ಬಿಟ್ಟ ತೋಟ

ಪಾಳ್ಯದ ಕಡೆ ಒಂದು ಮನೆಯ ಹೆಂಗಸರ ಅಚ್ಚುಕಟ್ಟನ್ನು ಕೊಟ್ಟಿಗೆ ನೋಡಿ ಹೇಳುತ್ತಾರೆ. ದನಗಳ ಕಾಲಡಿ ಒಣ ಎಲೆ ದಪ್ಪಗೆ ಹಾಸಿರಬೇಕು. ಸಗಣಿ, ಗಂಜಲ ಹೀರಿದ ಆ ಎಲೆ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗಿ ಗದ್ದೆಗೆ ಹೋಗಬೇಕು. ದೇವೀರಮ್ಮ ಹುಟ್ಟಿದ್ದೂ ಇಂಥ ಮನೆಯಲ್ಲಿ, ಸೇರಿದ್ದೂ ಇಂಥ ಮನೆಯನ್ನೇ. ಎಲೆ ಗುಡಿಸುವುದರಲ್ಲಿ ಅವರ ಕೈಯಷ್ಟು ಚುರುಕಾದ ಕೈ ಊರಿನಲ್ಲಿ ಇನ್ನೊಂದಿರಲಿಲ್ಲ.

ಗದ್ದೆಯ ಮೇಲಿನ ಇಳಿಜಾರಿನಲ್ಲಿ ಅವರದೊಂದು ಸಣ್ಣ ಕಾಫಿ ತೋಟವಿತ್ತು. ದೋಣಿಗಲ್ಲಿನ ಹತ್ತಿರ ಎಸ್ಟೇಟ್ ಕೆಲಸಕ್ಕಿದ್ದ ತಮ್ಮ ಭೂತಯ್ಯ ಸಸಿಗಳನ್ನು ಬುಟ್ಟಿಯಲ್ಲಿ ತಂದುಕೊಟ್ಟಿದ್ದ. ಮನೆಯ ಯಜಮಾನಿಕೆ ಗಂಡನ ಅಣ್ಣ ಕೃಷ್ಣಪ್ಪನವರದು. ಬೀಳು ಬಿದ್ದಿದ್ದ ಆ ಜಾಗವನ್ನು ನೆಟ್ಟುಕೊಳ್ಳಲು ಕೊಟ್ಟವರೂ ಅವರೇ. ದೇವೀರಮ್ಮ ನೆರಳಿಗೆ ಹಾಲವಾಣದ ಗೂಟ ಊರಿ, ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಗಿಡಗಳನ್ನು ಬೆಳೆಸಿದರು. ಆ ದೊಡ್ಡ ಮನೆಯಲ್ಲಿ ತನ್ನದು ಎಂದು ಹೇಳಿಕೊಳ್ಳಲು ಅವರಿಗಿದ್ದದ್ದು ಅದೊಂದೇ.

ಐವತ್ತೇಳನೆಯ ಇಸವಿಯಲ್ಲಿ ಹೂಮಳೆ ಹದವಾಗಿ ಬಿತ್ತು. ಗಿಡದ ಅಡ್ಡಕೊಂಬೆಗಳು, ತೋಟದವರು ರೆಕ್ಕೆ ಎನ್ನುವವು, ಹೂವಿನಿಂದ ಬೆಳ್ಳಗಾದವು. ಹೂವೆಲ್ಲ ಕಾಯಿ ಕಟ್ಟಿತು. ಕೊಯ್ಲಿನ ಹೊತ್ತಿಗೆ ಕೊಂಬೆಗಳು ನೆಲ ಮುಟ್ಟುತ್ತಿದ್ದವು. ಕಾಫಿ ಡಿಪೋಗೆ ಮೂಟೆ ಸಾಗಿಸಲು ಸಕಲೇಶಪುರದಿಂದ ಗಾಡಿ ತಂದಿದ್ದ ಹಬೀಬ್ ತೋಟದೊಳಗೊಮ್ಮೆ ಹೊಕ್ಕು ನೋಡಿದ.

"ಏನಕ್ಕ ಇದು, ಇಲ್ಲಿ ಸೂಜಿ ಬಿದ್ರೂ ಸಿಕ್ತದೆ! ನನ್ ಹೆಂಡ್ತಿ ಹಾಜಿರಾನ ಕರ್ಕೊಂಬರ್ಬೇಕು, ಗುಡ್ಸೋದು ಕಲೀಲಿ."

"ಹಂಗಂತ ಅವಳ ಮುಂದೆ ಹೇಳಿ ನೋಡು. ಪೊರಕೆ ನಿನ್ ಬೆನ್ನ ಮೇಲೇ ಆಡ್ತದೆ" ಎಂದರು ದೇವೀರಮ್ಮ. ಆದರೂ ಆ ಮಾತು ಅವರಿಗೆ ಹಿತವಾಯಿತು.

ಸಂಕ್ರಾಂತಿ ಕಳೆದ ಮೇಲೆ ಗಿಡಗಳ ಬಣ್ಣ ಬದಲಾಯಿತು. ಬುಡದ ಕಡೆಯ ಎಲೆಗಳು ಮೊದಲು ಹಳದಿಯಾದವು, ಆಮೇಲೆ ನಡುವಿನವು. ಕೊನೆಗೆ ರೆಕ್ಕೆಯ ತುದಿಗಳು ಕಪ್ಪಗೆ ಸುಟ್ಟಂತಾದವು. ಮರುವರ್ಷ ಫಸಲು ಹಿಡಿಯಷ್ಟು, ಒಣಗಿದ್ದು ಮಾತ್ರ ಇನ್ನೂ ಹೆಚ್ಚು. ಕೃಷ್ಣಪ್ಪನವರು ತೋಟ ಸುತ್ತಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಾ ಹೇಳಿದರು:

"ಇದು ಎಸ್ಟೇಟ್‌ನೋರ ಬೆಳೆ ಕಣಮ್ಮ, ನಮ್ಮಂಥೋರಿಗಲ್ಲ. ಮುಂಗಾರು ಹಿಡಿಯೋ ಹೊತ್ಗೆ ಚಿಗುರಿದ್ರೆ ಸರಿ. ಇಲ್ದಿದ್ರೆ ಕಿತ್ತಾಕಿ ರಾಗಿ ಬಿತ್ತಿಬುಡ್ತೀನಿ."

"ಆಗ್ಲಿ ಬಾವ" ಎಂದು ದೇವೀರಮ್ಮ ಒಳಗೆ ಹೋದರು. ಅಂದು ಅವರು ಊಟ ಮಾಡಲಿಲ್ಲ.

ಮಾರನೆಯ ದಿನದಿಂದ ಅವರು ಬಿಡುವಾದಾಗಲೆಲ್ಲ ತೋಟದಲ್ಲಿ ಸುಮ್ಮನೆ ಕೂತು ನೋಡತೊಡಗಿದರು. ಎಲೆ ಹಸಿರಾಗಿದ್ದಾಗಲೇ ಉದುರುತ್ತಿರಲಿಲ್ಲ. ಅಂಚು ಬಿಳಚಿಕೊಂಡು, ನರಗಳ ಹಸಿರು ಕಟ್ಟಕಡೆಗೆ ಹಿಂದಕ್ಕೆ ಸರಿದು, ಪೂರ್ತಿ ಬರಿದಾದ ಮೇಲೆ ಮುಟ್ಟಿದರೆ ಸಾಕು, ಕಳಚಿ ಬೀಳುತ್ತಿತ್ತು. ಎಲೆಯಲ್ಲಿದ್ದ ಸತ್ವವನ್ನು ಗಿಡ ಮೊದಲು ಒಳಕ್ಕೆ ಎಳೆದುಕೊಂಡು ಬಿಡುತ್ತಿತ್ತು. ಹಾಗಾದರೆ ಕಾಯಿ ತುಂಬಿದ ವರ್ಷ ಅಷ್ಟು ಕಾಯಿಗೆ ಉಣಿಸಿದ್ದು ಯಾವುದನ್ನು? ತನ್ನ ಎಲೆಗಳನ್ನೇ, ತನ್ನ ರೆಕ್ಕೆಗಳನ್ನೇ. ಬಾಯಿಲ್ಲದ ಗಿಡವೊಂದು ತನ್ನನ್ನೇ ತೆಗೆದು ಬಡಿಸುತ್ತಾ ನಿಂತಿತ್ತು, ತಾನು ಅದರ ಎದುರಿಗೇ ಹಾಡಿಕೊಂಡು ಹಣ್ಣು ಕೊಯ್ದಿದ್ದೆ ಎಂದುಕೊಂಡರು.

ತೋಟದ ಕೆಳಮೂಲೆಯ ಹಲಸಿನ ಮರದಲ್ಲಿ ಚಗಳಿ ಗೂಡುಗಳಿದ್ದವು. ಆ ಕೆಂಪಿರುವೆ ಕತ್ತಿನೊಳಗೆ ಬಿದ್ದು ಕಚ್ಚಿದರೆ ಉರಿ ತಡೆಯಲಾಗದು. ಅದಕ್ಕೇ ಆ ಮೂಲೆಗೆ ಪೊರಕೆ ಹೋಗುತ್ತಿರಲಿಲ್ಲ. ಅಲ್ಲಿನ ಗಿಡಗಳೂ ಅಷ್ಟೇ ಕಾಯಿ ಹೊತ್ತಿದ್ದವು, ಅವುಗಳ ಹಳೆಯ ಎಲೆಗಳೂ ಹಣ್ಣಾಗಿದ್ದವು. ಆದರೆ ತುದಿಗಳು ಮಾತ್ರ ಹಸಿರಾಗಿದ್ದವು. ದೇವೀರಮ್ಮ ಸೆರಗನ್ನು ತಲೆಗೆ ಬಿಗಿದು ಒಳಗೆ ನುಗ್ಗಿ ಎಲೆಯ ರಾಶಿಗೆ ಕೈಯಿಟ್ಟರು. ಅಷ್ಟು ಬಿಸಿಲಿನಲ್ಲೂ ಅಡಿಯ ಮಣ್ಣು ತಣ್ಣಗಿತ್ತು, ಕಪ್ಪಗಿತ್ತು.

ಕಚ್ಚಿಸಿಕೊಂಡ ಕೈ ಉಜ್ಜುತ್ತಾ ಅವರು ತಲೆಯೆತ್ತಿ ನೋಡಿದರು. ಹಾಲವಾಣದ ಮರಗಳಲ್ಲಿ ಒಂದು ಎಲೆಯೂ ಇರಲಿಲ್ಲ, ಬರೀ ಕೆಂಡದಂಥ ಹೂ. ಹನಿ ನೀರಿಲ್ಲದ ಈ ದಿನಗಳಲ್ಲಿ ಇಷ್ಟು ಹೂವಿಗೆ ಬೇಕಾದದ್ದನ್ನು ಕಾಂಡದಲ್ಲಿ ಕೂಡಿಟ್ಟುಕೊಂಡು, ಉಳಿದುದನ್ನು ಎಲೆಯ ಜೊತೆ ಕಾಫಿಯ ಬುಡಕ್ಕೆ ಹಾಸಿದ್ದವು. ಹಾಸಿದ್ದನ್ನೆಲ್ಲ ತಾನು ವರ್ಷ ವರ್ಷವೂ ಗೋರಿ ಕೊಟ್ಟಿಗೆಗೆ ಹೊತ್ತಿದ್ದೆ ಎಂಬುದು ಅವರಿಗೆ ಹೊಳೆಯಿತು. ಗದ್ದೆ ಕೊಬ್ಬಿತ್ತು, ತೋಟ ಉಪವಾಸ ಬಿದ್ದಿತ್ತು.

ಅಂದಿನಿಂದ ದೇವೀರಮ್ಮ ತೋಟ ಗುಡಿಸಲಿಲ್ಲ. ಕೊಟ್ಟಿಗೆಗೆ ಬೇಕಾದ ಎಲೆಯನ್ನು ಬೆಳಗಾಗುವ ಮೊದಲೇ ಗುಡ್ಡ ಹತ್ತಿ ತರತೊಡಗಿದರು. ಹೊರೆ ಸಾಲದ ದಿನ ದನಗಳು ಸಗಣಿಯಲ್ಲೇ ಮಲಗಿ ಏಳುತ್ತಿದ್ದವು.

"ದನ ಎಲ್ಲಿ ಮಲಗ್ಬೇಕು ಮಾರಾಯ್ತಿ, ನಿನ್ನ ಕಾಫಿ ಗಿಡದ ಮೇಲಾ?" ಎಂದು ಕೃಷ್ಣಪ್ಪನವರು ರೇಗಿದರು. "ಊರೋರು ನಗ್ತಾವ್ರೆ. ಕೃಷ್ಣಪ್ಪನ ಮನೆ ಹೆಂಗಸು ಸೋಂಬೇರಿ ಆಗೋದ್ಲು ಅಂತ."

"ನಗ್ಲಿ ಬಾವ. ಮುಂಗಾರಿನವರ್ಗೂ ಅಂದಿದ್ರಲ್ಲ, ಅಲ್ಲೀವರ್ಗೂ ಬುಡಿ."

ಹೂಮಳೆಯಾದಾಗ ಸೊರಗಿದ ಗಿಡಗಳಲ್ಲೂ ಹೂ ಬಂತು. ಅವುಗಳ ಹೂವನ್ನು ದೇವೀರಮ್ಮ ತಾವೇ ಬೆರಳಲ್ಲಿ ಸವರಿ ಉದುರಿಸಿದರು. ಈ ವರ್ಷ ನೀನು ಯಾರಿಗೂ ಬಡಿಸಬೇಡ, ನೀನೇ ಉಣ್ಣು ಎಂದು ಅವರು ಗಿಡಕ್ಕೆ ಹೇಳಿದ್ದನ್ನು ಗಂಡ ಅಣ್ಣಯ್ಯನವರು ದೂರದಿಂದ ಕೇಳಿಸಿಕೊಂಡು ಗದ್ದೆಗೆ ಇಳಿದು ಹೋದರು.

ಬೇಸಿಗೆಯ ಅಡ್ಡಮಳೆಗಳು ಬಂದು ಹೋದವು. ಎಲೆಯ ಹಾಸು ನೆನೆಯಿತು. ಅಲ್ಲಲ್ಲಿ ಚಿಗುರಿನ ಮೊನೆ ಕಂಡಿತ್ತು, ಆದರೆ ದೂರದಿಂದ ನೋಡಿದವರಿಗೆ ತೋಟ ಇನ್ನೂ ಕಡ್ಡಿಯ ರಾಶಿಯೇ. ಮುಂಗಾರು ಕವಿದ ದಿನ ಕೃಷ್ಣಪ್ಪನವರು ಗುದ್ದಲಿ ಹಿಡಿದು ಬಂದರು. ಮೇಲಿನ ಸಾಲಿನ ಗಿಡಗಳು ಸತ್ತೇ ಹೋಗಿದ್ದವು. ಅವನ್ನು ಕಿತ್ತೆಸೆಯುವಾಗ ದೇವೀರಮ್ಮ ತಡೆಯಲಿಲ್ಲ. ಕೃಷ್ಣಪ್ಪನವರು ಅದರ ಕೆಳಗಿನ ಸಾಲಿನ ಒಂದು ಗಿಡಕ್ಕೆ ಕೈ ಹಾಕಿ ಎಳೆದರು. ಅದು ಬರಲಿಲ್ಲ. ಬುಡ ಬಿಡಿಸೋಣವೆಂದು ಎಲೆಯನ್ನು ಕೈಯಿಂದ ಸರಿಸಿದರು. ಹಾಗೇ ನಿಂತುಬಿಟ್ಟರು.

ಮಣ್ಣಿನಿಂದ ಬೇರುಗಳು ಮೇಲಕ್ಕೆ ಎದ್ದು ಬಂದಿದ್ದವು. ಶ್ಯಾವಿಗೆಯಷ್ಟು ಸಣ್ಣ ಬಿಳಿ ಬೇರುಗಳು. ಕೊಳೆಯುತ್ತಿದ್ದ ಒಂದೊಂದು ಎಲೆಯೊಳಗೂ ಹೊಕ್ಕು, ನರ ಮಾತ್ರ ಉಳಿದ ಎಲೆಗಳನ್ನು ಹಸುಗೂಸಿನ ಬೆರಳುಗಳಂತೆ ಹಿಡಿದುಕೊಂಡಿದ್ದವು. ದೇವೀರಮ್ಮನೂ ಅದನ್ನು ನೋಡಿದ್ದು ಆಗಲೇ.

"ಬೇರು ಕೆಳೀಕಲ್ವೇನಮ್ಮ ಹೋಗೋದು? ಇದ್ಯಾಕೆ ಮೇಲೀಕೆ ಬಂದೈತೆ?"

"ಉಣ್ಣಾಕೆ ಬಂದೈತೆ ಬಾವ."

ಮಳೆಯ ದಪ್ಪ ಹನಿಗಳು ಬೀಳತೊಡಗಿದವು. ಕೃಷ್ಣಪ್ಪನವರು ಮಂಡಿಯೂರಿ, ಸರಿಸಿದ್ದ ಎಲೆಗಳನ್ನು ಎರಡೂ ಕೈಯಿಂದ ಬಾಚಿ ಬೇರಿನ ಮೇಲೆ ಮೊದಲಿದ್ದಂತೆಯೇ ಮುಚ್ಚಿದರು. ಉಳಿದ ಗಿಡಗಳನ್ನು ಅವರು ಮುಟ್ಟಲಿಲ್ಲ.

ಮರುದಿನ ದೇವೀರಮ್ಮ ಗುಡ್ಡಕ್ಕೆ ಹೊರಟಾಗ ಕತ್ತಿಯೂ ಹಗ್ಗವೂ ಜಾಗದಲ್ಲಿರಲಿಲ್ಲ. ಕೃಷ್ಣಪ್ಪನವರು ಮಳೆಗೆ ತಲೆಯ ಮೇಲಿಂದ ಗೊರಬು ಹಾಕಿಕೊಂಡು ಆಗಲೇ ಗುಡ್ಡ ಹತ್ತಿದ್ದರು, ದನಗಳ ಕಾಲಡಿ ಹಾಸಲು ಸೊಪ್ಪು ತರಲು.