ಮೋರಿಯ ಬಳಿ ಸೈಕಲ್ ಬದಲು

ಮೊನ್ನೆ ಸೈಕಲಿನ ಸೀಟು ಕಿತ್ತದ್ದೇ ತಡ, ಫ್ರೇಮಿನ ಒಳಗಿಂದ ಹಳೆಯ ಮೀನೆಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಮಂಗಳೂರಿನ ದೇರೆಬೈಲಿನ ಈ ಫ್ಲಾಟಿನ ಬಾಲ್ಕನಿಯಲ್ಲಿ ಒಬ್ಬನೇ ನಿಂತು ಅದನ್ನು ಬಹಳ ಹೊತ್ತು ಮೂಸಿದೆ. ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಆ ಸೈಕಲ್ ಪಕ್ಕದ ಫ್ಲಾಟಿನಲ್ಲಿದ್ದವರೊಬ್ಬರದು. ಮೀನುಗಾರರ ಮನೆತನ, ಅಜ್ಜನದು ದೋಣಿ, ಇವರದು ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ. ವರ್ಗವಾಗಿ ಬಂದಿದ್ದ ನನಗೆ ತುಳುವೂ ಬಾರದು, ಗೆಳೆಯರೂ ಇಲ್ಲ. ಒಮ್ಮೆ ಲಿಫ್ಟಿನಲ್ಲಿ ನನ್ನ ಸೈಕಲ್ ನೋಡಿ, "ಅಲ್ಯೂಮಿನಿಯಮಾ? ಸೊಂಟ ಎಂತ ಹೇಳ್ತದೆ?" ಎಂದರು. ಅಲ್ಲಿಂದ ನನ್ನ ಭಾನುವಾರಗಳಿಗೆ ಜೊತೆ ಸಿಕ್ಕಿತು.

ಇಬ್ಬರದೂ ಮುಂದೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವ ಗುಡ್ಡದ ಸೈಕಲ್. ಹಿಂದಿನ ಪೆಟ್ಟನ್ನೆಲ್ಲ ಫ್ರೇಮೇ ತಿನ್ನಬೇಕು. ನನ್ನದು ದಪ್ಪ ಕೊಳವೆಯದು, ಹಗುರ, ವೆಲ್ಡಿಂಗ್ ಉಬ್ಬಿ ಕಾಣುವಂಥದ್ದು. ಅವರದು ಸಪೂರ ಕೊಳವೆಯ ಸ್ಟೀಲು. ಊರಾಚೆಯ ಕೆಂಪು ಮುರಕಲ್ಲಿನ ಒರಟು ದಾರಿಯಲ್ಲಿ ಏರು ಹತ್ತಿ ಇಳಿದರೆ ತೊರೆ ದಾಟುವ ಒಂದು ಸಣ್ಣ ಮೋರಿ. ಅಲ್ಲಿ ಸೈಕಲ್ ಬದಲಿಸಿಕೊಂಡು ಅದೇ ದಾರಿಯಲ್ಲಿ ವಾಪಸ್. ಏರಿನಲ್ಲಿ ನನ್ನದು ತುಳಿದ ಕೂಡಲೇ ಜಿಗಿಯುತ್ತಿತ್ತು. ಇಳಿಜಾರಿನಲ್ಲಿ ಅವರದು ಪೆಟ್ಟನ್ನು ಅರ್ಧ ತಾನೇ ನುಂಗಿಕೊಳ್ಳುತ್ತಿತ್ತು.

"ನಿಮ್ಮದು ಬೈತದೆ ಮಾರಾಯ್ರೆ. ನನ್ನದು ಮೆಲ್ಲ ಹೇಳ್ತದೆ, ಅಷ್ಟೇ."

"ನಿಮ್ಮದು ಏರಿನಲ್ಲಿ ನಿದ್ದೆ ಮಾಡುತ್ತೆ ಸರ್," ಎಂದು ನಾನೂ ಬಿಡುತ್ತಿರಲಿಲ್ಲ. ವಾದ ಮುಗಿಯಲೇ ಇಲ್ಲ... ಮುಗಿದಿದ್ದರೆ ಮುಂದಿನ ಭಾನುವಾರಕ್ಕೆ ಏನು ಉಳಿಯುತ್ತಿತ್ತು?

ಮಳೆಗಾಲಕ್ಕೆ ಮೊದಲು ಅವರು ಸೀಟು ಕಿತ್ತು, ಕೊಳವೆಯೊಳಗೆ ಬೂತಾಯಿ ಮೀನಿನ ಎಣ್ಣೆ ಸುರಿದು, ಸೈಕಲನ್ನು ಆಚೀಚೆ ಹೊರಳಿಸುತ್ತಿದ್ದರು. "ದೋಣಿಗೆ ಅಜ್ಜ ಇದನ್ನೇ ಕುಡಿಸ್ತಿದ್ದದ್ದು. ಇಲ್ಲದಿದ್ರೆ ಉಪ್ಪುಗಾಳಿ ಒಳಗಿಂದ ತಿಂತದೆ." ಇಡೀ ಮಹಡಿ ನಾರುತ್ತಿತ್ತು. ಮೇಲಿನವರು ಜಗಳಕ್ಕೆ ಬಂದರೂ ಇವರು ನಕ್ಕು ಮತ್ತೆ ಹೊರಳಿಸುತ್ತಿದ್ದರು.

ಕಳೆದ ವರ್ಷ ನಿದ್ದೆಯಲ್ಲೇ ಹೋಗಿಬಿಟ್ಟರು. ಅವರ ಹೆಂಡತಿ ಮನೆ ಖಾಲಿ ಮಾಡಿ ತಂಗಿಯಲ್ಲಿಗೆ ಹೊರಟಾಗ, "ಇದರ ವಾಸನೆ ತಡೆಯುವವರು ನೀವೊಬ್ಬರೇ ಇರುವುದು," ಎಂದು ಸೈಕಲ್ ನನ್ನ ಕೈಗಿತ್ತರು. ಈಗ ಎರಡೂ ಸೈಕಲ್ ನನ್ನ ಬಾಲ್ಕನಿಯಲ್ಲಿ ಒಂದಕ್ಕೊಂದು ಒರಗಿ ನಿಂತಿವೆ. ಎರಡರ ಗುಣವೂ ನನಗೆ ಚೆನ್ನಾಗಿ ಗೊತ್ತು, ಹೇಳಿಕೊಳ್ಳಲು ಜನವಿಲ್ಲ.

ಈ ಸಲ ಎಣ್ಣೆ ನಾನೇ ಕುಡಿಸಿದೆ. ನಿನ್ನೆ ಭಾನುವಾರ ಅವರ ಸೈಕಲನ್ನೇ ತೆಗೆದುಕೊಂಡು ಹೋದೆ. ಇಳಿಜಾರಿನಲ್ಲಿ ಅವರ ಮಾತೇ ಸರಿ ಅನಿಸಿತು. ಜೋರಾಗಿ ಹಾಗೆಂದು ಹೇಳಿಯೂ ಬಿಟ್ಟೆ. ಮೋರಿ ಬಂದಾಗ ಅಭ್ಯಾಸಬಲದಿಂದ ಇಳಿದೆ. ಅವರ ಸೈಕಲನ್ನು ಪಕ್ಕಕ್ಕೆ ಸರಿಸಿ ಹಿಡಿದು, ನನ್ನದನ್ನು ತೆಗೆದುಕೊಳ್ಳಲು ಇನ್ನೊಂದು ಕೈ ಚಾಚಿದೆ...

ನನ್ನದು ಬಾಲ್ಕನಿಯಲ್ಲೇ ಇತ್ತು. ಅವರದನ್ನೇ ಹತ್ತಿಕೊಂಡು ವಾಪಸ್ ಬಂದೆ.